ಮುಟ್ಟದೆ ಬಿಟ್ಟ ಮೂರು ದಿನ

ನಮ್ಮ ನಾಯಿಯ ಹಿಂಗಾಲುಗಳು ಬಿದ್ದುಹೋದ ಬೆಳಿಗ್ಗೆ ಹುಳುಮನೆಯಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಎರಡೂ ಒಂದೇ ದಿನ ಆಗದೆ ಹೋಗಿದ್ದರೆ ನಾನು ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲವೇನೋ. ಅಥವಾ ಹೇಗಿದ್ದರೂ ಬರುತ್ತಿತ್ತೋ. ಇಷ್ಟು ತಿಂಗಳಾದರೂ ನನಗೆ ಅದೊಂದು ತೀರ್ಮಾನವಾಗಿಲ್ಲ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು, ಕಾರಣ ಯಾವುದು ಪರಿಣಾಮ ಯಾವುದು ಎಂದು ಕಪ್ಪು ಹಲಗೆಯ ಮೇಲೆ ಬಾಣ ಎಳೆದು ತೋರಿಸುವವಳು.

ನಮ್ಮದು ಮೇಲೂರಿಗೆ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಮೂವರು: ನಾನು, ನಮ್ಮ ಯಜಮಾನರು, ನಮ್ಮ ಅತ್ತೆ. ನಾನು ಬೆಳಿಗ್ಗೆ ಬಸ್ಸು ಹಿಡಿದು ಸರ್ಕಾರಿ ಪ್ರೌಢಶಾಲೆಗೆ ಹೋಗುತ್ತೇನೆ. ಯಜಮಾನರು ತೋಟ, ಹಿಪ್ಪುನೇರಳೆ ಸೊಪ್ಪು, ಮೋಟರು ನೋಡಿಕೊಳ್ಳುತ್ತಾರೆ. ಹುಳುಮನೆ ಮಾತ್ರ ಅತ್ತೆಯವರದು. ನಲವತ್ತು ವರ್ಷದಿಂದ ಒಂದು ಬೆಳೆಯನ್ನೂ ಬಿಡದೆ ಹುಳು ಮಾಡಿದವರು ಅವರು. ಅವರು ಚಿಂತಾಮಣಿ ಕಡೆಯವರು, ತೌರುಮನೆಯ ಮಾತು ತೆಲುಗು. ನಮ್ಮ ಜೊತೆ ಕನ್ನಡ ಮಾತಾಡುತ್ತಾರೆ, ಹುಳುಗಳ ಜೊತೆ ಮತ್ತು ನಾಯಿಯ ಜೊತೆ ತೆಲುಗು. ಪ್ರೀತಿಯೆಲ್ಲ ತೆಲುಗಿಗೆ, ಬೈಗುಳವೆಲ್ಲ ಕನ್ನಡಕ್ಕೆ ಎಂದು ನಾನು ಎಷ್ಟೋ ಸಲ ರೇಗಿಸಿದ್ದೇನೆ.

ಜ್ವರ ಎಂದರೆ ಕಾಯಿಲೆಯಲ್ಲ. ರೇಷ್ಮೆ ಹುಳು ಹಳೆಯ ಚರ್ಮ ಕಳಚುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ, ಅಷ್ಟೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಹುಳು ಹಾಸಿದ ಸ್ಟ್ಯಾಂಡು ಅಲುಗಿಸಬಾರದು. ಗೊತ್ತಿಲ್ಲದವರು ಸತ್ತೇಹೋಯಿತೆಂದು ಬೆರಳಿಂದ ತಿವಿಯುತ್ತಾರೆ, ಹುಳು ನಿಜವಾಗಿಯೂ ಕೆಡುವುದು ಆಗ. ಸುಮ್ಮನೆ ಬಿಟ್ಟರೆ ಒಂದೂವರೆ ದಿನಕ್ಕೆ ತಾನಾಗಿ ಎದ್ದು ಸೊಪ್ಪು ಕೇಳುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನಗೆ ಕಲಿಸಿದ ಮೊದಲ ಪಾಠ ಇದೇ. ನಿಂತುಹೋದ ಜೀವವನ್ನು ಕಂಡರೆ ಕೈ ಹಿಂದಕ್ಕೆ ಕಟ್ಟಿಕೋ.

ನಾಯಿಗೆ ಹನ್ನೆರಡು ದಾಟಿತ್ತು. ಮನೆಯಲ್ಲಿ ಮೂವರೂ ಮೂರು ಹೆಸರಿಂದ ಕರೆಯುತ್ತೇವೆ, ಒಂದಕ್ಕೂ ಅದು ಓಗೊಡುವುದಿಲ್ಲ, ತಟ್ಟೆಯ ಸದ್ದಿಗೆ ಬರುತ್ತದೆ. ಮುದ್ದೇನಹಳ್ಳಿ ಕಡೆ ಯಾರದೋ ತೋಟದ ಮನೆಯ ಗಿಡ್ಡಗಾಲಿನ ಜಾತಿ ನಾಯಿಗೂ ನಮ್ಮ ಬೀದಿ ನಾಯಿಗೂ ಹುಟ್ಟಿದ್ದು. ಬೆನ್ನು ಉದ್ದ, ಕಾಲು ಕುಳ್ಳು. ದೇವರು ಅಳತೆ ತಪ್ಪಿ ಹೊಲಿದುಬಿಟ್ಟಿದ್ದಾನೆ ಎಂದು ಯಜಮಾನರು ನಗುತ್ತಿದ್ದರು. ಅದರ ಕೆಲಸ ಹುಳುಮನೆಯ ಬಾಗಿಲು ಕಾಯುವುದು. ಇಲಿ, ಅಳಿಲು, ಓತಿಕ್ಯಾತ, ಬೀಡಿ ಸೇದಿ ಬಂದ ನೆಂಟರು, ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ತಾನೂ ಹೋಗುತ್ತಿರಲಿಲ್ಲ. ಮರಿಯಾಗಿದ್ದಾಗ ಒಮ್ಮೆ ಒಳಗೆ ಮೂಗು ತೂರಿಸಿದ್ದಕ್ಕೆ ಅತ್ತೆ ಪೊರಕೆ ಎತ್ತಿದ್ದರಂತೆ. ಆಮೇಲೆ ಹನ್ನೆರಡು ವರ್ಷದಲ್ಲಿ ಒಂದು ಸಲವೂ ಆ ಹೊಸಿಲು ದಾಟಿರಲಿಲ್ಲ.

ಆ ಬೆಳಿಗ್ಗೆ ಜಗಲಿಯ ಮೂರು ಮೆಟ್ಟಿಲು ಇಳಿಯುತ್ತಿತ್ತು. ಮುಂಗಾಲು ಇಳಿದವು, ಹಿಂಗಾಲು ಇಳಿಯಲಿಲ್ಲ. ಹಿಂಭಾಗ ಧೊಪ್ಪನೆ ಕೂತುಕೊಂಡಿತು. ಕಿರುಚಲೂ ಇಲ್ಲ. ಹಿಂದೆ ತಿರುಗಿ ತನ್ನದೇ ಕಾಲುಗಳನ್ನು ನೋಡಿತು, ಯಾರೋ ಹಿಡಿದು ಎಳೆಯುತ್ತಿದ್ದಾರೆಂಬ ಹಾಗೆ. ಮತ್ತೆ ನನ್ನನ್ನು ನೋಡಿತು. ನಾನು ಸೆರಗು ಸಿಕ್ಕಿಸಿಕೊಂಡು ಎತ್ತಲು ಬಗ್ಗಿದೆ.

"ಮುಟ್ಬೇಡ ಕಣಮ್ಮ" ಅಂದರು ಅತ್ತೆ ಹುಳುಮನೆ ಬಾಗಿಲಿಂದ. "ಹಂಗೇ ಬಿಡು. ತಾನೇ ಎದ್ದೇಳ್ತಾನೆ."

"ಕಾಲು ಹೋಗಿದೆ ಅತ್ತೆ. ನೋಡಿ ಹೆಂಗೆ ಮಡಚ್ಕೊಂಡಿದೆ."

"ಹೋಗಿಲ್ಲ, ನಿಂತಿದೆ. ವಯಸ್ಸಾಯ್ತು, ಮೈ ಒಂದು ಸಲ ನಿಂತ್ಕೊಂಡು ಎದ್ದೇಳ್ತದೆ. ಹುಳಕ್ಕೆ ಒಂದೂವರೆ ದಿನ ಆದ್ರೆ ಇವನಿಗೆ ಮೂರು ದಿನ ಬೇಕು. ದೊಡ್ಡ ಜೀವ ಅಲ್ವಾ."

ಈಗ ಬರೆಯುವಾಗ ನಗು ಬರುತ್ತದೆ, ಆಗ ಬರಲಿಲ್ಲ. ಹುಳುವಿನ ಲೆಕ್ಕವನ್ನು ನಾಯಿಗೆ ಹಿಗ್ಗಿಸಿ ಹೇಳಿದ ಆ ಮಾತು ಆ ಹೊತ್ತಿಗೆ ನನಗೆ ಸರಿಯೇ ಅನ್ನಿಸಿತು. ಜ್ವರಕ್ಕೆ ಕೂತ ದಿನ ನಮ್ಮ ಮನೆಯಲ್ಲಿ ಎಲ್ಲರೂ ಪಿಸುಮಾತಾಡುತ್ತೇವೆ, ಪಾತ್ರೆ ಸದ್ದು ಮಾಡುವುದಿಲ್ಲ, ಯಾರೂ ಯಾವುದಕ್ಕೂ ಕೈ ಹಾಕುವುದಿಲ್ಲ. ನಾಯಿಯನ್ನೂ ಆ ಕಾನೂನಿಗೆ ಸೇರಿಸಿಬಿಟ್ಟೆವು. ಪಕ್ಕದಲ್ಲಿ ನೀರಿಟ್ಟೆ, ಮೇಲೆ ಗೋಣಿಚೀಲದ ನೆರಳು ಕಟ್ಟಿದೆ, ಬಸ್ಸಿಗೆ ಹೊತ್ತಾಯಿತೆಂದು ಓಡಿದೆ.

ಎರಡನೇ ದಿನ ಹುಳು ಎದ್ದವು. ಅಲ್ಲಿಂದಾಚೆಗೆ ಹುಳು ಸಾಕುವ ಮನೆಯವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ಹೊತ್ತು ಹೊತ್ತಿಗೆ ಹೊರೆ ಹೊರೆ ಸೊಪ್ಪು ಬೇಕು. ನಾಯಿ ಏಳಲಿಲ್ಲ. ಮೂರನೇ ದಿನ ಸಂಜೆ ಶಾಲೆಯಿಂದ ಬಂದವಳು ಅದರ ಹಿಂಗಾಲಿನ ಪಾದ ನೋಡಿದೆ. ಪಾದ ಉಲ್ಟಾ ಮಡಚಿ ಉಗುರಿನ ಮೇಲುಭಾಗ ನೆಲಕ್ಕೆ ತಾಗಿತ್ತು. ಅದಕ್ಕೆ ಅದು ಗೊತ್ತೇ ಇರಲಿಲ್ಲ. ಇದು ಸುಸ್ತಲ್ಲ, ನರಕ್ಕೆ ಸಂಬಂಧಪಟ್ಟದ್ದು ಎಂದು ನನಗೆ ಆ ಕ್ಷಣವೇ ಹೊಳೆಯಿತು. ಆದರೆ ಮಾರನೇ ದಿನ ಶಾಲೆಗೆ ಮೇಲಧಿಕಾರಿಗಳು ಬರುವವರಿದ್ದರು, ಮನೆಯಲ್ಲಿ ಸೊಪ್ಪಿನ ಗಡಿಬಿಡಿ. ಮೂರು ದಿನ ಅಂದಿದ್ದಾರಲ್ಲ, ಬೆಳಗಾಗಲಿ ನೋಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಇದನ್ನು ಇವತ್ತಿನವರೆಗೂ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ನಾಲ್ಕನೇ ದಿನ ಅಧಿಕಾರಿಗಳು ಬರುವುದಿಲ್ಲವೆಂದು ತಿಳಿದು ಮಧ್ಯಾಹ್ನವೇ ರಜೆ ಹಾಕಿ ಬಂದೆ. ಸೊಪ್ಪು ತಂದು ಇಳಿಸಿದ ಲಗೇಜ್ ಆಟೋದಲ್ಲೇ ನಾಯಿಯನ್ನು ಹಲಗೆಯ ಮೇಲೆ ಮಲಗಿಸಿ ಶಿಡ್ಲಘಟ್ಟಕ್ಕೆ ಹೊರಟೆವು. ಅಲ್ಲಿನ ಡಾಕ್ಟರು ವಯಸ್ಸಾದವರು. ದನ, ಕುರಿ ನೋಡಿ ನೋಡಿ ಅವರ ಕೈಯೂ ದೊಡ್ಡದಾಗಿಬಿಟ್ಟಿತ್ತು. ಚಿಮಟದಿಂದ ನಾಯಿಯ ಹಿಂಗಾಲಿನ ಬೆರಳು ಒತ್ತಿದರು. ಕಾಲು ಸರಕ್ಕನೆ ಹಿಂದಕ್ಕೆ ಹೋಯಿತು. ನಾನು ಖುಷಿಯಿಂದ, "ನೋವು ಗೊತ್ತಾಗ್ತಿದೆ ಸಾರ್!" ಅಂದೆ.

"ಇಲ್ಲಮ್ಮ. ಕಾಲು ಎಳ್ಕೊಂಡ್ರೆ ನೋವು ಗೊತ್ತಾಯ್ತು ಅಂತಲ್ಲ. ಅದು ತಿರುಗಿ ನೋಡ್ಬೇಕು, ಇಲ್ಲಾ ಕಿರುಚ್ಬೇಕು. ಕಾಲು ಎಳ್ಕೊಳ್ಳೋ ಕೆಲಸಕ್ಕೆ ತಲೆ ಬೇಕಾಗಿಲ್ಲ." ಆಮೇಲೆ ಕೇಳಿದರು, "ಎಷ್ಟು ದಿನ ಆಯ್ತು?"

"ನಾಲ್ಕನೇ ದಿನ."

"ಮೊದಲ ದಿನಾನೇ ತರ್ಬೇಕಿತ್ತಲ್ಲಮ್ಮ. ಓದಿದೋರು ನೀವು." ಬೆನ್ನುಮೂಳೆಯ ನಡುವಿನ ಮೆತ್ತೆ ಹೊರಗೆ ಬಂದು ನರ ಒತ್ತುತ್ತಿದೆ, ವಯಸ್ಸಿಗೆ ಮೂಳೆಯೂ ಸವೆದಿದೆ ಎಂದು ವಿವರಿಸಿ ಇಂಜೆಕ್ಷನ್ ಕೊಟ್ಟರು. ಕೊನೆಗೆ, "ಒಂದು ತಿಂಗಳು ನೋಡಿ. ತಿರುಗಿ ನೋಡ್ಲಿಲ್ಲ ಅಂದ್ರೆ ನಾನೇ ಬಂದು ಸೂಜಿ ಹಾಕಿ ಮಲಗಿಸ್ತೀನಿ. ಎಳ್ಕೊಂಡು ಎಳ್ಕೊಂಡು ಹುಣ್ಣಾಗಿ ಸಾಯೋದಕ್ಕಿಂತ ಅದು ಪುಣ್ಯದ ಕೆಲಸ" ಅಂದರು.

ದಾರಿಯುದ್ದಕ್ಕೂ ನನಗೆ ಕೋಪ ಕುದಿಯುತ್ತಿತ್ತು. ಮನೆಗೆ ಬಂದವಳೇ ಹುಳುಮನೆಯ ಬಾಗಿಲಲ್ಲಿ ನಿಂತು, ಹುಳುಗಳಿದ್ದಾವೆ ಎಂಬುದನ್ನೂ ಮರೆತು ಕೂಗಿದೆ: "ಮೊದಲ ದಿನಾನೇ ತರ್ಬೇಕಿತ್ತಂತೆ ಅತ್ತೆ! ನೀವು ಮುಟ್ಬೇಡ ಅಂದ್ರಲ್ಲ, ಅದಕ್ಕೇ ಹೋಯ್ತು ಕಾಲು!"

ಅತ್ತೆಯ ಎರಡೂ ಕೈಯಲ್ಲಿ ಸೊಪ್ಪಿನ ಕಡ್ಡಿಗಳಿದ್ದವು. ನಾನು ಕಂಡ ಇಷ್ಟು ವರ್ಷಗಳಲ್ಲಿ ನನ್ನ ಮಾತಿಗೆ ಅವರು ತಿರುಗಿಸಿ ಕೊಡದೆ ಇದ್ದದ್ದು ಅದೊಂದೇ ಸಲ. ಕಡ್ಡಿಗಳನ್ನು ಹುಳುಗಳ ಮೇಲೆ ಮೆಲ್ಲಗೆ ಹರಡಿ ಮುಂದಿನ ಸಾಲಿಗೆ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನಗೆ ಆಗ ಆಡಿ ತೃಪ್ತಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಆ ಬೆಳೆ ಮುಗಿಯುವವರೆಗೆ ಮನೆ ಎರಡು ಭಾಗವಾಯಿತು. ಹುಳುವಿಗೆ ಘಾಟು ವಾಸನೆ ಆಗುವುದಿಲ್ಲ. ಹೊಗೆಸೊಪ್ಪು, ಕರ್ಪೂರ, ಫಿನಾಯಿಲು, ಸೊಳ್ಳೆಬತ್ತಿ ಯಾವುದೂ ನಮ್ಮಲ್ಲಿ ಹುಳುಮನೆ ಹತ್ತಿರ ಸುಳಿಯುವಂತಿಲ್ಲ. ತೆವಳಿ ತೆವಳಿ ನಾಯಿಗಾದ ಹುಣ್ಣಿಗೆ ಕೊಟ್ಟ ಔಷಧಿಯೋ ಮೂಗು ಉರಿಯುವಷ್ಟು ಘಾಟು. ಹಾಗಾಗಿ ನಾಯಿ ಮುಟ್ಟಿದವರು ಹುಳು ಮುಟ್ಟುವಂತಿಲ್ಲ, ಹುಳು ಮುಟ್ಟುವವರು ನಾಯಿ ಮುಟ್ಟುವಂತಿಲ್ಲ. ನಾಯಿ ನನ್ನ ಪಾಲಿಗೆ ಬಂತು. ಅತ್ತೆ ಅಂಗಳದ ಆ ಕೊನೆಯಲ್ಲಿ ನಿಂತು ದೂರದಿಂದಲೇ, "ಲೆಯ್ ನಾಯನಾ, ಲೆಯ್" ಅನ್ನುತ್ತಿದ್ದರು. ಏಳಪ್ಪ, ಏಳು ಎಂದು. ನಾಯಿ ಆ ಕಡೆ ತಲೆಯೆತ್ತಿ ನೋಡಿ, ಮುಂಗಾಲಲ್ಲಿ ಎರಡು ಮೊಳ ತೆವಳಿ ನಿಲ್ಲುತ್ತಿತ್ತು. ನಾನು ಅದನ್ನು ಕಂಡೂ ಕಾಣದವಳ ಹಾಗೆ ಹಾಸಿದ ಗೋಣಿ ಬದಲಿಸುತ್ತಿದ್ದೆ.

ನೋಡಿಕೊಳ್ಳುವುದು ಎಂದು ಬರೆದರೆ ಒಂದು ಪದ. ಮಾಡುವಾಗ ಅದು ಹೊಟ್ಟೆ ಒತ್ತಿ ಉಚ್ಚೆ ಮಾಡಿಸುವುದು, ಮಗ್ಗುಲು ಬದಲಿಸುವುದು, ಗಂಟಿನ ಹತ್ತಿರ ಕಿತ್ತುಹೋದ ಚರ್ಮಕ್ಕೆ ಔಷಧಿ ಹಾಕುವುದು, ಹಳೆಯ ಸೀರೆಯನ್ನು ಸೊಂಟದ ಕೆಳಗೆ ಕೊಟ್ಟು ಎತ್ತಿಹಿಡಿದು ತೆಂಗಿನ ಮರದವರೆಗೆ ನಡೆಸುವುದು. ಕೆಲವು ದಿನ ಮುದ್ದು ಬರುತ್ತಿತ್ತು. ಕೆಲವು ದಿನ, ತೊಳೆದ ಸೀರೆಯ ಮೇಲೆ ಮತ್ತೆ ಮಾಡಿಕೊಂಡಾಗ, ಸತ್ತಾದರೂ ಹೋಗಬಾರದೇ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ ಮೇಲೆ ಅದಕ್ಕೆ ಇನ್ನೊಂದು ಬಿಸ್ಕತ್ತು. ಊರಿನವರು ಸಲಹೆ ಕೊಡಲು ಹಿಂದೆ ಬೀಳಲಿಲ್ಲ. ಕೈವಾರದ ಕಡೆ ಬೆನ್ನಿಗೆ ಬರೆ ಹಾಕಿ ಎಬ್ಬಿಸುವವರೊಬ್ಬರಿದ್ದಾರೆ ಎಂದ ಪಕ್ಕದ ಮನೆಯವರಿಗೆ, "ಮೊದಲು ನಿಮ್ಮ ಬೆನ್ನಿಗೆ ಹಾಕಿಸ್ಕೊಂಡು ಬನ್ನಿ" ಅಂದೆ. ಅವರು ಒಂದು ತಿಂಗಳು ಮಾತು ಬಿಟ್ಟರು.

ವಾರ ಕಳೆದ ಮೇಲೆ ಚಿಕ್ಕಬಳ್ಳಾಪುರದಲ್ಲಿ ಎಕ್ಸ್‌ರೇ ತೆಗೆಯುವ ಡಾಕ್ಟರೊಬ್ಬರ ವಿಷಯ ತಿಳಿದು ಅಲ್ಲಿಗೂ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಯಜಮಾನರು ಗಾಡಿ ನಿಲ್ಲಿಸಲು ಜಾಗ ಹುಡುಕುತ್ತ ಹೊರಗೇ ಉಳಿದರು, ಒಳಗೆ ನಾನೊಬ್ಬಳೇ. ನಾನು ತಪ್ಪೊಪ್ಪಿಕೊಳ್ಳುವವಳ ಹಾಗೆ ಮೂರು ದಿನದ ಕಥೆಯನ್ನೆಲ್ಲ ಹೇಳಿದೆ. ಅವಳು ಎಕ್ಸ್‌ರೇಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡಳು.

"ಮೇಡಂ, ಅಲ್ಲಾಡಿಸದೇ ಬಿಟ್ಟಿದ್ದು ಒಳ್ಳೇದೇ ಆಯ್ತು. ಇದಕ್ಕೆ ಮೊದಲ ಔಷಧಿನೇ ರೆಸ್ಟು. ಎಷ್ಟೋ ಜನ ಎತ್ಕೊಂಡು ಓಡಾಡಿ, ಎಣ್ಣೆ ಹಾಕಿ ತಿಕ್ಕಿ, ಇನ್ನೂ ಕೆಡಿಸ್ಕೊಂಡು ಬರ್ತಾರೆ. ನಿಮ್ಮ ಅತ್ತೆಯವರಿಗೆ ಥ್ಯಾಂಕ್ಸ್ ಹೇಳಿ."

"ಮೊದಲ ದಿನಾನೇ ತರ್ಬೇಕಿತ್ತು ಅಂದ್ರಲ್ಲ ಶಿಡ್ಲಘಟ್ಟದಲ್ಲಿ?"

"ತಂದಿದ್ರೆ ನೋವಿಗೆ ಇಂಜೆಕ್ಷನ್ ಕೊಡಬಹುದಿತ್ತು. ಕಾಲು ಉಳೀತಿತ್ತಾ ಅಂದ್ರೆ, ಹೇಳಕ್ಕಾಗಲ್ಲ. ಸೂಜಿ ವಿಷಯಕ್ಕೆ ಅವಸರ ಮಾಡ್ಬೇಡಿ. ಊಟ ಮಾಡ್ತಿದೆಯಲ್ಲ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇಬ್ಬರೂ ಓದಿದವರು, ಇಬ್ಬರೂ ನಾಯಿಯನ್ನು ಮುಟ್ಟಿ ನೋಡಿದವರು. ಯಾರನ್ನು ನಂಬುವುದು ಎಂದು ವಾಪಸು ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಡಾಕ್ಟರು ಏನಂದರು ಎಂದು ಯಜಮಾನರು ಕೇಳಿದ್ದಕ್ಕೆ ರೆಸ್ಟು ಬೇಕಂತೆ ಅಂದೆ. ಮನೆಗೆ ಬಂದಾಗ ಅತ್ತೆ ಅಂಗಳದ ಆ ಕೊನೆಯಲ್ಲಿ ನಿಂತಿದ್ದರು. "ಏನಂದ್ರಮ್ಮ?" ಅಂದರು. ನಾನು ಬಾಯಿ ತೆರೆದೆ. "ಎಕ್ಸ್‌ರೇ ತೆಗೆದ್ರು. ಊಟ ಆಯ್ತಾ ನಿಮ್ದು?" ಅಂದೆ.

ಯಾಕೆ ಹೇಳಲಿಲ್ಲ? ಕೋಪ ಇನ್ನೂ ಆರಿರಲಿಲ್ಲ ಎಂಬುದು ಒಂದು ಉತ್ತರ. ಅದು ಅರ್ಧ ಸತ್ಯ. ಅತ್ತೆಯ ತಪ್ಪಿಲ್ಲ ಎಂದಾದರೆ ತಪ್ಪು ಯಾರದಾದರೂ ಆಗಬೇಕಲ್ಲ. ಮೂರನೇ ದಿನ ಸಂಜೆ ಉಲ್ಟಾ ಮಡಚಿದ ಪಾದವನ್ನು ನೋಡಿ ಗೊತ್ತಾದ ಮೇಲೂ ಸುಮ್ಮನೆ ಒಳಗೆ ಹೋಗಿ ಸೀರೆ ಇಸ್ತ್ರಿ ಮಾಡಿಕೊಂಡವಳು ನಾನೊಬ್ಬಳೇ. ಅತ್ತೆ ನಂಬಿ ಬಿಟ್ಟರು, ನಾನು ಗೊತ್ತಿದ್ದೂ ಬಿಟ್ಟೆ. ಇದೆಲ್ಲ ಆಗ ಇಷ್ಟು ಸ್ಪಷ್ಟವಾಗಿ ಹೊಳೆದಿತ್ತೇ ಎಂದರೆ ಅದೂ ನನಗೆ ಗೊತ್ತಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಮುಂದಕ್ಕೆ ಹೋಯಿತು.

ಆ ದಿನಗಳಲ್ಲೇ ಹತ್ತನೇ ತರಗತಿಗೆ ಪರಾವರ್ತಿತ ಪ್ರತಿಕ್ರಿಯೆಯ ಪಾಠ ಬಂತು. ಬಿಸಿ ಪಾತ್ರೆ ಮುಟ್ಟಿದ ಕೈ ತಾನಾಗಿ ಹಿಂದಕ್ಕೆ ಬರುತ್ತದೆ, ಆ ಆಜ್ಞೆ ಕೊಡುವುದು ಮಿದುಳಲ್ಲ, ಮಿದುಳುಬಳ್ಳಿ. ವರ್ಷಾ ವರ್ಷ ಹೇಳಿದ ಪಾಠ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಹಂಗಾದ್ರೆ ಕೈ ಎಳ್ಕೊಂಡಾಗ ನಮಗೆ ನೋವಾಗಿರಲ್ವಾ?" ಅಂದಳು.

"ಆಮೇಲೆ ಮಿದುಳಿಗೆ ಸುದ್ದಿ ಹೋಗತ್ತೆ. ಆಗ ಗೊತ್ತಾಗತ್ತೆ."

"ಸುದ್ದಿ ಹೋಗೋ ದಾರಿ ಕಟ್ಟಾಗಿದ್ರೆ? ಕೈ ಎಳ್ಕೊಳ್ಳತ್ತೆ, ಆದ್ರೆ ನೋವಾಗಿದ್ದು ಯಾರಿಗೆ ಮಿಸ್?"

"ನಾಳೆ ಹೇಳ್ತೀನಿ, ಕೂತ್ಕೋ" ಎಂದೆ. ಆ ನಾಳೆ ಇನ್ನೂ ಬಂದಿಲ್ಲ.

ಮನೆಯಲ್ಲಿ ದಿನಾ ಸಂಜೆ ಪರೀಕ್ಷೆ. ನಾಯಿಯ ಬೆರಳು ಹಿಂಡುವುದು, ತಿರುಗುತ್ತದೆಯೇ ನೋಡುವುದು. ಕೆಲವು ಸಲ ತಿರುಗುತ್ತಿತ್ತು. ಆದರೆ ನಾನು ಹಿಂದೆ ಕೂತಿದ್ದೆನಲ್ಲ, ನನ್ನನ್ನು ನೋಡಲು ತಿರುಗಿತೋ ನೋವಿಗೆ ತಿರುಗಿತೋ? ಯಜಮಾನರನ್ನು ಮುಂದೆ ಬಿಸ್ಕತ್ತು ಹಿಡಿದು ಕೂರಿಸಿ ಹಿಂಡಿದೆ. ತಿರುಗಲಿಲ್ಲ. ಬಿಸ್ಕತ್ತು ಮುಂದಿದ್ದರೆ ನಮ್ಮ ನಾಯಿ ಭೂಕಂಪಕ್ಕೂ ತಿರುಗುವುದಿಲ್ಲ. ಬಿಸ್ಕತ್ತು ತೆಗೆಸಿ ಹಿಂಡಿದೆ. ಬಾಲ ಅಲ್ಲಾಡಿತು. ಬಾಲ ಅಲ್ಲಾಡಿಸಿದ್ದು ನಾಯಿಯೋ, ಬರೀ ಮಿದುಳುಬಳ್ಳಿಯೋ? "ಪಾಪ, ಯಾಕೆ ಚಿವುಟ್ತೀಯೇ, ಸುಮ್ನೆ ಬಿಡೇ" ಎಂದು ಯಜಮಾನರು ಎದ್ದುಹೋದರು. ಅವರದು ಯಾವಾಗಲೂ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸೂಜಿ ಹಾಕಿಸುವುದೋ ಬೇಡವೋ ಎಂದು ಕೇಳಿದರೆ, "ನೀನು ಹೇಗೆ ಹೇಳ್ತೀಯೋ ಹಾಗೆ" ಅನ್ನುತ್ತಾರೆ. ಅಲ್ಲಿಗೆ ಒಂದು ಜೀವದ ಅಳಿವು ಉಳಿವು ನನ್ನ ತಲೆಯ ಮೇಲೆ ಬಂದು ಕೂತಿತು.

ಹುಳು ಹಣ್ಣಾಗಿ, ಎಂದರೆ ತಿನ್ನುವುದು ಬಿಟ್ಟು ನೂಲು ತೆಗೆಯುವ ಹದಕ್ಕೆ ಬಂದು, ಗೂಡು ಕಟ್ಟಿ, ಗೂಡು ಬಿಡಿಸಿ, ಶಿಡ್ಲಘಟ್ಟದ ಮಾರುಕಟ್ಟೆಗೂ ಹೋಗಿ ಆಯಿತು. ಶಿಡ್ಲಘಟ್ಟದ ಡಾಕ್ಟರು ಹೇಳಿದ ಒಂದು ತಿಂಗಳೂ ಮುಗಿಯುತ್ತ ಬಂತು. ನಾಯಿ ತಿರುಗಿ ನೋಡುವುದು ಖಾತ್ರಿಯಾಗಲಿಲ್ಲ. ಸೊಂಟದ ಹುಣ್ಣು ಒಂದು ಮಾಗಿದರೆ ಇನ್ನೊಂದು ಬಾಯಿ ಬಿಡುತ್ತಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ನಾನು, "ಶಿಡ್ಲಘಟ್ಟದ ಡಾಕ್ಟ್ರಿಗೆ ಫೋನ್ ಮಾಡ್ರಿ. ಸೋಮವಾರ ಬರ್ಲಿ" ಅಂದೆ. ಹೇಳುವಾಗ ಧ್ವನಿ ಗಟ್ಟಿಯಾಗಿತ್ತು.

ಅತ್ತೆ ತಟ್ಟೆಯಿಂದ ತಲೆ ಎತ್ತದೆ, "ಈ ಸಲ ಚಾಕಿ ತರ್ಬೇಡ" ಅಂದರು ಮಗನಿಗೆ.

ಚಾಕಿ ಎಂದರೆ ಮುಂದಿನ ಬೆಳೆಗೆ ತರುವ ಮರಿಹುಳು. ಯಜಮಾನರು ಕೈ ನಿಲ್ಲಿಸಿದರು. "ತರ್ಬೇಡ ಅಂದ್ರೆ? ಸೊಪ್ಪು ಬಂದು ನಿಂತೈತಲ್ಲಮ್ಮ."

"ಸೊಪ್ಪು ಯಾರಿಗಾದ್ರೂ ಕೊಡು. ನಾನು ಈ ಸಲ ಹುಳ ಮಾಡಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಸೋಮವಾರ ಬೇಡ ಕಣಮ್ಮ. ಒಂದು ತಿಂಗಳು ನನ್ನ ಕೈಗೆ ಕೊಡು. ಅವನನ್ನ ಹಾಳು ಮಾಡಿದ್ದು ನಾನು. ಆಮೇಲೆ ನೀನು ಹೇಳ್ದಂಗೆ ಆಗ್ಲಿ."

ಮಾವ ತೀರಿಕೊಂಡ ವರ್ಷವೂ ತಿಥಿ ಮುಗಿಸಿ ಚಾಕಿ ತಂದಿದ್ದ ಹೆಂಗಸು. ಅವರ ಬಾಯಲ್ಲಿ ಹುಳು ಬೇಡ ಎಂಬ ಮಾತು ಬಂದಿತ್ತು. ಚಿಕ್ಕಬಳ್ಳಾಪುರದ ಡಾಕ್ಟರ ಮಾತನ್ನು ಆಗಲೇ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದರೆ ಏನು ಹೇಳಲಿ? ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದೆ.

ಮಾರನೆಯ ದಿನದಿಂದ ನಾಯಿ ಅವರದಾಯಿತು. ಹೊಟ್ಟೆ ಒತ್ತುವುದನ್ನು ನನ್ನಿಂದ ಒಂದೇ ಸಲ ನೋಡಿ ಕಲಿತರು, ನನಗಿಂತ ಹಗುರಾಗಿ ಮಾಡಿದರು. ಹಣ್ಣಾದ ಹುಳುವನ್ನು ನೋಯಿಸದೆ ಆರಿಸಿ ತೆಗೆದ ಬೆರಳುಗಳು ಅವು. ಹುಳುವಿನ ಹಾಸಿಗೆ ಬದಲಿಸುವ ಬಲೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಕೊಟ್ಟರು, ಸೀರೆಯ ಹಾಗೆ ಅದು ಒದ್ದೆ ಹಿಡಿಯುವುದಿಲ್ಲ. ಹುಣ್ಣು ಒಂದೊಂದೇ ಒಣಗಿದವು. ಶಾಲೆಯಿಂದ ಬಂದರೆ ಇಬ್ಬರೂ ಜಗಲಿಯ ಮೇಲೆ ಇರುತ್ತಿದ್ದರು, ಅವರು ತೆಲುಗಿನಲ್ಲಿ ಏನೋ ಹೇಳುತ್ತ, ಅದು ಕಣ್ಣು ಮುಚ್ಚಿ ಕೇಳುತ್ತ. ನನಗೆ ಸಮಾಧಾನವಾಗಬೇಕಿತ್ತು. ಹೊಟ್ಟೆಕಿಚ್ಚಾಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಯಾವುದು ಎಷ್ಟು ಎಂದು ಬೇರೆ ಮಾಡಲು ಬರುತ್ತಿರಲಿಲ್ಲ.

ಬಿಸಿಲು ಏರಿದ ದಿನಗಳವು. ಒಂದು ಭಾನುವಾರ ಅತ್ತೆ, "ಹುಳುಮನೆ ಖಾಲಿ ಬಿದ್ದೈತೆ. ತಣ್ಣಗಿರ್ತದೆ, ಅಲ್ಲಿ ಮಲಗಿಸಣ" ಅಂದರು. ಯಜಮಾನರು ಒಳಗೆಲ್ಲ ಗೋಣಿ ಹಾಸಿದರು. ಅತ್ತೆ, ನಾನು ಇಬ್ಬರೂ ಸೇರಿ ನಾಯಿಯನ್ನು ಎತ್ತಿ ಹೊಸಿಲು ದಾಟಿಸಿದೆವು. ಗೋಣಿಯ ಮೇಲೆ ಇಳಿಸಿದ್ದೇ ತಡ, ಅದಕ್ಕೆ ಎಲ್ಲಿದ್ದೇನೆಂದು ಗೊತ್ತಾಯಿತು. ಕಿವಿ ಹಿಂದಕ್ಕೆ ಹೋದವು, ಮೈಯೆಲ್ಲ ನಡುಗಿತು. ಬರಬಾರದ ಜಾಗಕ್ಕೆ ಬಂದುಬಿಟ್ಟೆ ಎಂದು ಹೆದರಿ ಬಾಗಿಲ ಕಡೆ ಹೊರಳಿತು. ಮುಂಗಾಲು ಎಳೆಯಿತು. ಹಿಂಭಾಗ ಎದ್ದಿತು. ಕುಡಿದವನ ಹಾಗೆ ಆ ಕಡೆ ಈ ಕಡೆ ವಾಲುತ್ತ, ಒಂದು ಕಾಲಿಗೆ ಇನ್ನೊಂದು ತೊಡರುತ್ತ, ಐದೋ ಆರೋ ಹೆಜ್ಜೆ ನಡೆದು, ಹೊಸಿಲ ಆಚೆ ಹೋಗಿ ಬಿತ್ತು.

ಅತ್ತೆ ಅಲ್ಲೇ ಗೋಣಿಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಓಡಿಹೋಗಿ ನಾಯಿಯ ಬೆರಳು ಹಿಂಡಿದೆ. ಅದು ತಿರುಗಲಿಲ್ಲ. ಇನ್ನೂ ಜೋರಾಗಿ ಹಿಂಡಿದೆ. ತಿರುಗಲಿಲ್ಲ.

ಚಿಕ್ಕಬಳ್ಳಾಪುರದ ಡಾಕ್ಟರಿಗೆ ಫೋನ್ ಮಾಡಿದೆ. ಅವಳು ಖುಷಿಪಟ್ಟಳು, ಆದರೆ ತಡೆದು ತಡೆದು ಮಾತಾಡಿದಳು. ಕೆಲವು ನಾಯಿಗಳು ಹೀಗೆ ನಡೆಯುತ್ತವಂತೆ, ತಲೆಗೂ ಕಾಲಿಗೂ ಸಂಪರ್ಕವೇ ಇಲ್ಲದಿದ್ದರೂ ಮಿದುಳುಬಳ್ಳಿ ತಾನೇ ಹೆಜ್ಜೆ ಹಾಕಿಸುತ್ತದಂತೆ. "ನಿಮ್ಮದು ಅದೇನಾ, ಇಲ್ಲಾ ನರ ನಿಜವಾಗ್ಲೂ ಕೂಡ್ಕೊಳ್ತಿದೆಯಾ, ಫೋನಲ್ಲಿ ಹೇಳಕ್ಕಾಗಲ್ಲ ಮೇಡಂ." ಹೊಸಿಲು ದಾಟಬಾರದು ಎಂದು ಹೆದರಿದ್ದು ತಲೆ. ಹೆದರಿಕೆಗೆ ನಡೆದದ್ದು ಕಾಲು. ನಡುವೆ ದಾರಿಯೇ ಇಲ್ಲದಿದ್ದರೆ ಆ ಸುದ್ದಿ ಹೇಗೆ ಮುಟ್ಟಿತು?

ಅತ್ತೆ ಕೇಳಿದ ತಿಂಗಳು ಮುಗಿದು ಇನ್ನೊಂದು ತಿಂಗಳಾಯಿತು. ಸೋಮವಾರದ ಮಾತನ್ನು ಯಾರೂ ಎತ್ತಿಲ್ಲ. ನಾಯಿ ಹಾಗೇ ಸೊಟ್ಟಸೊಟ್ಟಗೆ, ಬಲೆಯ ಆಸರೆಯಲ್ಲಿ ಅಂಗಳ ಸುತ್ತುತ್ತದೆ, ಅನ್ನ ಹಾಕಿದರೆ ತಟ್ಟೆ ನೆಕ್ಕುತ್ತದೆ, ಆಗಾಗ ಬೀಳುತ್ತದೆ. ಅದು ನಡೆಯುತ್ತಿದೆಯೋ ಅದರ ಕಾಲು ಮಾತ್ರ ನಡೆಯುತ್ತಿದೆಯೋ ಎಂದು ನಾನು ಕೇಳುವುದನ್ನು ಬಿಟ್ಟಿಲ್ಲ. ಅತ್ತೆ ಎರಡನೆಯ ಬೆಳೆಗೂ ಚಾಕಿ ಬೇಡ ಅಂದರು. ಹಿಪ್ಪುನೇರಳೆ ತೋಟದ ಸೊಪ್ಪನ್ನು ಬೇರೆಯವರು ಕೊಯ್ದು ಟ್ರ್ಯಾಕ್ಟರಿಗೆ ತುಂಬುವಾಗ ಅವರು ಮನೆಯೊಳಗೆ ಹೋಗಿ ಕೂತದ್ದನ್ನು ನಾನು ನೋಡಿದೆ. ಆ ದಿನ ಸಂಜೆ ಇನ್ನು ತಡೆಯಲಾಗಲಿಲ್ಲ.

ಅವರು ಬಲೆಯ ಎರಡೂ ತುದಿ ಹಿಡಿದು ನಾಯಿಯನ್ನು ನಡೆಸುತ್ತಿದ್ದರು. ನಾನು ಎದುರಿಗೆ ಹೋಗಿ ನಿಂತೆ.

"ಅತ್ತೆ, ಚಿಕ್ಕಬಳ್ಳಾಪುರದ ಡಾಕ್ಟ್ರು ಅವತ್ತು ಒಂದು ಮಾತು ಹೇಳಿದ್ರು. ಮೂರು ದಿನ ಮುಟ್ಟದೆ ಬಿಟ್ಟಿದ್ದೇ ಒಳ್ಳೇದಾಯ್ತು ಅಂತ. ನಿಮಗೆ ಥ್ಯಾಂಕ್ಸ್ ಹೇಳು ಅಂದ್ರು. ನಿಮ್ಮ ತಪ್ಪೇನೂ ಇಲ್ಲ."

ಅವರು ನಿಂತರು. ನಾಯಿಯೂ ನಿಂತಿತು.

"ಯಾವತ್ತು ಹೇಳಿದ್ದು?"

"ಎಕ್ಸ್‌ರೇ ತೆಗೆಸಿದ ದಿನಾನೇ."

ಅತ್ತೆ ನಕ್ಕರು. ಬಹಳ ದಿನದ ಮೇಲೆ ನಗು ಕಂಡೆ. "ಹೋಗಮ್ಮ. ಅವತ್ತೇ ಹೇಳಿದ್ರೆ ನೀನು ಅವತ್ತೇ ಬಂದು ಹೇಳ್ತಿರ್ಲಿಲ್ವಾ? ಶಿಡ್ಲಘಟ್ಟದ್ದು ಹೇಳ್ದಂಗೆ ಬಾಗಿಲಲ್ಲೇ ಕೂಗ್ತಿದ್ದೆ. ಮಾತು ಹೊಟ್ಟೇಲಿ ಇಟ್ಕೊಳ್ಳೋಳಲ್ಲ ನೀನು, ನಂಗೊತ್ತಿಲ್ವಾ." ಬಲೆಯನ್ನು ಇನ್ನಷ್ಟು ಬಿಗಿಹಿಡಿದರು. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ. ಇರ್ಲಿ ಬಿಡು. ಮಾಡಿದ್ದು ನಾನು, ನನಗೆ ಗೊತ್ತೈತೆ. ನೀನು ಒಳ್ಳೇವಳು ಕಣಮ್ಮ."

ಇಲ್ಲ ಅತ್ತೆ, ಇಟ್ಟುಕೊಂಡಿದ್ದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಾಯಿ ವಾಲಿತು.

"ಆ ಕಡೆ ಹಿಡ್ಕೋ" ಅಂದರು. ನಾನು ಬಗ್ಗಿ ಬಲೆಯ ಇನ್ನೊಂದು ತುದಿ ಹಿಡಿದುಕೊಂಡೆ.